ಅರಿಶಿಣದ ಕಾಲಮ್, ಹಚ್ಚೆಯ ಕಾಲಮ್

"ಕ್ಲೋರೋಫಾರ್ಮ್ ಹಾಕಿ ತೊಳೆದ್ಯಾ? ಯಾವ ಕಾಲಮ್ಮು?"

ಮಹೇಂದ್ರನ ಕೂಗಿಗೆ ಹರಿಹರದ ಹೊಳೆಯ ಮೀನುಗಳೆಲ್ಲ ದಡ ಹತ್ತಿ ದಾವಣಗೆರೆಯ ಕಡೆ ಓಡಿರಬೇಕು. ಆ ಔಷಧ ಕಾರ್ಖಾನೆಯ ಪ್ರಯೋಗಾಲಯಕ್ಕೆ ಅವನೇ ಮುಖ್ಯಸ್ಥ. ಭವ್ಯಾ ಹೊಸಬಳು. ಅವಳ ಕೆಲಸ ಕಾಯಂ ಮಾಡುವ ಕಾಗದಕ್ಕೆ ಅವನು ಅಂದೇ ಸಹಿ ಹಾಕಬೇಕಿತ್ತು.

"ಬಳಿದ ಕಾಲಮ್ಮು, ಸರ್. ಎರಡೂ ಒಂದೇ ಥರ ಕಾಣ್ತಾವೆ..."

ಗೇಣುದ್ದದ ಆ ಎರಡು ಉಕ್ಕಿನ ಕೊಳವೆಗಳು ನಿಜಕ್ಕೂ ಅವಳಿ ಮಕ್ಕಳಂತಿದ್ದವು. ಎರಡರೊಳಗೂ ಮರಳಿನಂಥ ಪುಡಿ, ಅದರ ಮೇಲೊಂದು ತೆಳು ಪದರ. ಒಂದರಲ್ಲಿ ಪದರವನ್ನು ಸುಮ್ಮನೆ ಬಳಿದಿದ್ದರು, ಗಲ್ಲದ ಅರಿಶಿಣದಂತೆ. ಕ್ಲೋರೋಫಾರ್ಮ್ ಸೋಕಿದರೆ ಮಂಗಮಾಯ. ಇನ್ನೊಂದರಲ್ಲಿ ಬೆಸೆದಿದ್ದರು, ಮೊಳಕೈಯ ಹಚ್ಚೆಯಂತೆ. ಅದನ್ನು ಅದೇ ಕ್ಲೋರೋಫಾರ್ಮಿನಲ್ಲಿ ಏಳು ಜನ್ಮ ನೆನೆಸಿದರೂ ಜಪ್ಪಯ್ಯ ಎಂದರೂ ಬಿಡದು.

ನೋವಿನ ಮಾತ್ರೆಯ ಪುಡಿಯಲ್ಲಿ ಎಡಗೈ ಬಲಗೈಗಳಂತೆ ಎರಡು ರೂಪ. ಒಂದು ನೋವು ಕಳೆಯುತ್ತದೆ, ಇನ್ನೊಂದು ಹೊಟ್ಟೆ ಸುಡುತ್ತದೆ. ಪುಡಿಯನ್ನು ಕರಗಿಸಿ ಕೊಳವೆಯಲ್ಲಿ ಓಡಿಸಿದರೆ ಪದರ ಅವನ್ನು ಬೇರ್ಪಡಿಸಿ ಪರದೆಯ ಮೇಲೆ ಎರಡು ಗುಡ್ಡ ತೋರಿಸುತ್ತದೆ. ಎರಡನೇ ಗುಡ್ಡ ಎದ್ದರೆ ಮಾಲು ಗೇಟು ದಾಟುವಂತಿಲ್ಲ. ಈಚೆಗೆ ಯಾವ ಕಾಲಮ್ ಹಾಕಿದರೂ ಆ ಗುಡ್ಡ ಏಳುತ್ತಲೇ ಇತ್ತು. ಗೋದಾಮಿನ ಮಾಲು ಮುಗಿಲು ಮುಟ್ಟಿತ್ತು.

"ಇವತ್ತು ನಿನ್ನ ಗಂಟುಮೂಟೆ ಕಟ್ಟಿಸ್ತಾನೆ ಕಣವ್ವ," ಎಂದ ಪಕ್ಕದ ಮೇಜಿನ ಕೊಟ್ಟೂರಪ್ಪ. "ದಾವಣಗೆರೆ ಬಸ್ಸು ಎಷ್ಟೊತ್ತಿಗೈತೆ ನೋಡ್ಕೊ."

ಮಹೇಂದ್ರ ಹಲ್ಲು ಕಡಿದ. "ನಿನ್ನೆ ಫೇಲಾದ ಮಾಲನ್ನ ಅದೇ ಕಾಲಮ್ಮಾಗೆ ಓಡಿಸು. ಎಂಥ ಘನಕಾರ್ಯ ಮಾಡೀಯ, ಎಲ್ರೂ ಕಣ್ತುಂಬ ನೋಡ್ಲಿ."

ಓಡಿಸಿದಳು. ಒಂದೇ ಗುಡ್ಡ ಎದ್ದಿತು. ಪದರ ಕರಗಿ ಹೋಗಿತ್ತು. ನೋವು ಕಳೆಯುವುದೂ ಹೊಟ್ಟೆ ಸುಡುವುದೂ ಹೊಸ ಗಂಡಹೆಂಡಿರಂತೆ ತಬ್ಬಿ ಕೂತಿದ್ದವು. ಭವ್ಯಾಳ ಕಣ್ಣಲ್ಲಿ ಭದ್ರಾ ನಾಲೆ ಒಡೆಯಿತು.

"ತಪ್ಪಾತು ಸರ್. ಬೆಸೆದ ಕಾಲಮ್ಮಾಗೆ ಇನ್ನೊಂದ್ಸಲ ಓಡಿಸ್ತೀನಿ."

ಮಹೇಂದ್ರ ಆ ಒಂಟಿ ಗುಡ್ಡವನ್ನು ಹೆಣ್ಣು ನೋಡಲು ಬಂದವನಂತೆ ಮೇಲಿಂದ ಕೆಳಗೆ ನೋಡಿದ. ಜೇಬಿನಿಂದ ಪೆನ್ನು ತೆಗೆದ. ಅವಳ ಕಾಗದವನ್ನು ಎಳೆದುಕೊಂಡ. ಸಹಿ ಹಾಕಿದ.

"ಇನ್ನೊಂದ್ಸಲ ಯಾಕವ್ವ? ಮಾಲು ಚೊಕ್ಕ ಐತಲ್ಲ! ಕೊಟ್ಟೂರಪ್ಪ, ಲಾರಿಗೆ ಫೋನ್ ಹಚ್ಚು. ಇನ್ಮ್ಯಾಲೆ ಬೆಸೆದದ್ದು ಬ್ಯಾಡ, ಬಳಿದದ್ದೇ ತರಿಸ್ರಿ. ತೊಳೆಯಾಕೆ ನಮ್ಮ ಭವ್ಯಮ್ಮ ಅದಾಳೆ."