ದನಿ ಆರುವ ತನಕ

ಆ ಕಾಲದಲ್ಲಿ ಸತ್ತವರ ದನಿ ಅವರ ಮನೆಯಲ್ಲಿ ಕೆಲವು ವರ್ಷ ಉಳಿಯುತ್ತಿತ್ತು. ಮನೆಯನ್ನು ಒಮ್ಮೆ ಮಾರಿದರೆ ಅದು ತಾಳಿಕೊಳ್ಳುತ್ತಿತ್ತು. ತಾನಾಗಿ ಆರುವ ಮೊದಲೇ ಎರಡನೇ ಸಲ ಮಾರಿದರೆ ಅಳಿದುಹೋಗುತ್ತಿತ್ತು. ಅದಕ್ಕೇ, ಕೊಂಡವರು ಎರಡು ವರ್ಷ, ಆಮೇಲೂ ದನಿ ಉಳಿದಿದ್ದರೆ ಇನ್ನೊಂದು ವರ್ಷ, ಮಾರಕೂಡದೆಂಬ ಕಾನೂನಿತ್ತು.

ದಾವಣಗೆರೆಯ ನರ್ಸ್ ಶಶಿಕಲಾ ಲಾಭಕ್ಕೆ ಮಾರಲೆಂದೇ ಮೊದಲ ಬಾರಿಗೆ ಒಂದು ಮನೆ ಕೊಂಡು, ಅವಧಿ ಮುಗಿಯಲೆಂದು ಅದರಲ್ಲೇ ಇದ್ದಳು. ತೀರಿಕೊಂಡ ಹಳೆಯ ಒಡತಿ ಹಾಲಮ್ಮನ ದನಿ ದಿನಕ್ಕೆರಡು ಸಲ, ಊಟದ ಹೊತ್ತಿಗೆ, ಉಂಡೆಯಾ ಎಂದು ಕೇಳುತ್ತಿತ್ತು. ಬರಬರುತ್ತಾ ಕ್ಷೀಣಿಸಿ, ಈಚೆಗೆ ವಾರವಿಡೀ ಸುಮ್ಮನಿತ್ತು.

ಅವಧಿ ಮುಗಿದ ದಿನ ಇನ್‌ಸ್ಪೆಕ್ಟರ್ ಬಂದು ಗೋಡೆಗಳಿಗೆಲ್ಲ ಕಿವಿಯಿಟ್ಟರು. ಕೊಳ್ಳುವವನು ಅಂಗಳದಲ್ಲಿ ಕಾಯುತ್ತಿದ್ದ. ಇನ್‌ಸ್ಪೆಕ್ಟರ್ ಮಾರಾಟದ ಕಾಗದಕ್ಕೆ ಮೊಹರು ಹಾಕಲು ಹೊರಟಾಗ ಅಡುಗೆಮನೆಯಿಂದ ಉಸಿರಿನಷ್ಟೇ ಸಣ್ಣಗೆ ಕೇಳಿತು: "ಉಂಡ್ಯೇನವ್ವಾ?"

ಇನ್‌ಸ್ಪೆಕ್ಟರಿಗೆ ಅದು ಕೇಳಿಸಲಿಲ್ಲ. ಶಶಿಕಲಾ ಮೊಹರಿಗೆ ಕೈ ಅಡ್ಡ ಹಿಡಿದಳು.

"ಸಾರ್, ಹಾಲಮ್ಮ ಇನ್ನೂ ಇದ್ದಾರೆ."

"ಹಾಗಾದ್ರೆ ಇನ್ನೊಂದು ವರ್ಷ ಮಾರೋ ಹಾಗಿಲ್ಲ ಕಣಮ್ಮ. ಈ ಗಿರಾಕಿ ಅಲ್ಲೀತನಕ ಕಾಯ್ತಾನಾ?"

"ಕಾಯಲ್ಲ, ಗೊತ್ತು. ಬರ್ಕೊಳ್ಳಿ."

ಇಬ್ಬರೂ ಹೊರಟುಹೋದರು. ಶಶಿಕಲಾ ಅಡುಗೆಮನೆಗೆ ಹೋಗಿ ಗೋಡೆಗೊರಗಿ ಕೂತಳು. ಎರಡು ವರ್ಷದಲ್ಲಿ ಮೊದಲ ಸಲ ಉತ್ತರ ಕೊಟ್ಟಳು.

"ಇನ್ನೂ ಇಲ್ಲಮ್ಮ. ಈಗ ಉಣ್ತೀನಿ."