ಬೆಟ್ಟಪ್ಪನ ಪೂರ್ವಾಶ್ರಮ

ಬೆಟ್ಟಪ್ಪ ಮೊದಲು ಕೋಳಿಯಾಗಿದ್ದ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನಿರ್ದೇಶಕರು ಕುಡಿಯುತ್ತಿದ್ದ ಚಹಾ ನೆತ್ತಿಗೇರಿತು. ಬೆಟ್ಟಪ್ಪ ಎಂಬುದು ಸ್ಟುಡಿಯೋದವರು ಮುದ್ದಿಗೆ ಇಟ್ಟ ಹೆಸರು. ಸಿನಿಮಾದಲ್ಲಿ ಅದು ಕಟ್ಟಡಗಳನ್ನು ಒಣಗಿದ ಎಲೆಯಂತೆ ತುಳಿದು ಪುಡಿಮಾಡುವ ದೈತ್ಯ ಮೃಗ. ಕಾರ್ಖಾನೆಯ ವಿಷದ ನೀರು ಕುಡಿದು ಹೀಗಾಯಿತು ಎಂದಷ್ಟೇ ಕಥೆಯಲ್ಲಿತ್ತು. ಕುಡಿಯುವ ಮೊದಲು ಅದು ಯಾವ ಪ್ರಾಣಿಯಾಗಿತ್ತು ಎಂದು ಬರೆದವರೂ ತಲೆ ಕೆಡಿಸಿಕೊಂಡಿರಲಿಲ್ಲ. ಅದನ್ನು ಬೆಟ್ಟಪ್ಪನ ಮೈಯಲ್ಲೇ ತೋರಿಸುವ ಕೆಲಸ ಅನಿಮೇಷನ್ ಮಾಡುವವಳ ಪಾಲಿಗೆ ಬಂದಿತ್ತು; ಕೋಳಿ ಎಂದವಳು ಅವಳೇ.

"ಕೋಳಿ ನೋಡಿ ಯಾರ್ರೀ ಹೆದರ್ತಾರೆ? ಹುಲಿ ಮಾಡಿ. ಹುಲಿ ಅಂದ್ರೆ ಒಂದು ಗತ್ತಿರುತ್ತೆ."

"ಮರಿ ಮಾಡಿರೋ ಕೋಳಿ ಹತ್ರ ಒಂದ್ಸಲ ಹೋಗಿ ನೋಡಿ ಸರ್. ಗತ್ತು ಅಂದ್ರೇನು ಅಂತ ಅದೇ ಹೇಳ್ಕೊಡುತ್ತೆ."

ಶಾಲೆಗೆ ರಜೆಯೆಂದು ಅಮ್ಮನ ಜೊತೆ ಬಂದು ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಮಗಳು ಕಿಸಕ್ಕನೆ ನಕ್ಕಳು. "ಹಾಗಾದ್ರೆ ಬೆಟ್ಟಪ್ಪ ಅಲ್ಲ ಅಂಕಲ್, ಬೆಟ್ಟಮ್ಮ ಅನ್ನಿ."

ನಿರ್ದೇಶಕರು ನಗಲಿಲ್ಲ. "ನೋಡಿ ಮೇಡಂ, ಫ್ಲ್ಯಾಶ್‌ಬ್ಯಾಕ್ ಹಾಕೋ ಹಾಗಿಲ್ಲ, ಜನ ಎದ್ದು ಹೊರಗೆ ಹೋಗ್ತಾರೆ. ಇರೋದು ಒಂದೇ ಶಾಟು. ಸಾಯಂಕಾಲ ನೋಡ್ತೀನಿ. ನನಗೇನಾದ್ರೂ ನಗು ಬಂತೋ, ಕೋಳಿ ಹೋಯ್ತು, ಹುಲಿ ಬಂತು. ಬೆಟ್ಟಪ್ಪನ್ನ ಬೇರೆಯವರು ನೋಡ್ಕೋತಾರೆ. ನೀವು ಧೂಳು, ಹೊಗೆ ಮಾಡ್ಕೊಂಡಿರಿ."

ಕೋಳಿಯನ್ನು ಕೇಳಿ ಯಾರೂ ಮಸಾಲೆ ಅರೆಯುವುದಿಲ್ಲ ಎಂಬುದು ಅವಳಿಗೂ ಗೊತ್ತಿತ್ತು. ಆದರೂ ಬೆಟ್ಟಪ್ಪ ಬೂದು ಬಣ್ಣದ ಬರೀ ಮುದ್ದೆಯಾಗಿದ್ದಾಗಿನಿಂದ ಅದಕ್ಕೆ ನಿಲ್ಲಲು, ನಡೆಯಲು, ತಿರುಗಿ ನೋಡಲು ಕಲಿಸಿದವಳು ಅವಳೇ. ಅದನ್ನು ಇನ್ನೊಬ್ಬರ ಮಡಿಲಿಗೆ ಹಾಕಿ ತಾನು ಧೂಳೆಬ್ಬಿಸುತ್ತ ಕೂರುವುದೇ? ನಡಿಗೆಯೇನೋ ಆಗಲೇ ಕುದುರಿತ್ತು. ಮೊದಲು ಕತ್ತು ಮುಂದೆ, ಆಮೇಲೆ ಮೈ. ಆದರೆ ಅದನ್ನು ನೋಡಿದ ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಕೋಳಿನೇ ಅಮ್ಮಾ, ಥೇಟ್ ಕೋಳಿ! ಅದೇ ತೊಂದ್ರೆ ಆಗಿರೋದು."

ಮಧ್ಯಾಹ್ನ ಊಟಕ್ಕೆಂದು ಇಬ್ಬರೂ ಹೊರಟರು. ರಸ್ತೆ ದಾಟುವಾಗ ತಿರುವಿನಿಂದ ಒಂದು ಸ್ಕೂಟರ್ ರೊಯ್ಯನೆ ನುಗ್ಗಿ ಬಂತು. ಅವಳ ಕೈ ತಾನಾಗಿಯೇ ಅಗಲಕ್ಕೆ ಚಾಚಿ ಮಗಳ ಎದೆಗೆ ಅಡ್ಡ ನಿಂತಿತು. ಸ್ಕೂಟರ್ ಹೋಯಿತು, ಕೈ ಹೋಗಲಿಲ್ಲ.

"ಅಮ್ಮಾ, ನಾನೀಗ ನಿನಗಿಂತ ಎತ್ತರ ಇದ್ದೀನಿ. ಎಲ್ರೂ ನೋಡ್ತಿದ್ದಾರೆ, ಕೈ ತೆಗಿ."

ಅಮ್ಮ ತನ್ನ ಕೈಯನ್ನೇ ಯಾರದೋ ಕೈಯೆಂಬಂತೆ ನೋಡುತ್ತಿದ್ದಳು. "ವಾಪಸ್ ನಡಿ ಪುಟ್ಟಿ."

"ಊಟ?"

"ಬ್ಯಾಗಲ್ಲಿ ಬಿಸ್ಕತ್ ಇದೆ, ನಡಿ!"

ಸಂಜೆ ನಿರ್ದೇಶಕರು ಬಂದು, ಹುಲಿಯ ಚಿತ್ರಗಳ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡೇ ಕೂತರು. ಪರದೆಯ ಮೇಲೆ ಇನ್ನೂ ಬಣ್ಣ ಕಾಣದ ಬೆಟ್ಟಪ್ಪ ಕತ್ತು ಮುಂದೆ ಮಾಡಿ, ಮೈ ಎಳೆದುಕೊಂಡು, ಬೀದಿಗಳನ್ನು ತುಳಿಯುತ್ತ ಬಂದ. ನಿರ್ದೇಶಕರ ಮೀಸೆಯ ತುದಿ ಮಿಸುಕಾಡಿತು. ನಗು ಬರುವ ಮೊದಲು ಅದು ಹಾಗೆ ಮಿಸುಕುವುದನ್ನು ಸ್ಟುಡಿಯೋದಲ್ಲಿ ಕಾಣದವರಿಲ್ಲ. ಧೂಳು, ಹೊಗೆ ಎಂದುಕೊಂಡಳು ಅವಳು.

ಅಷ್ಟರಲ್ಲಿ ಬಸ್ ನಿಲ್ದಾಣದ ಮೇಲೆ ಹೆಲಿಕಾಪ್ಟರಿನ ನೆರಳು ಹಾಯಿತು. ಬೆಟ್ಟಪ್ಪ ಎತ್ತಿದ ಕಾಲನ್ನು ಎತ್ತಿದಂತೆಯೇ ಹಿಡಿದು ನಿಂತುಬಿಟ್ಟ. ಕತ್ತು ಓರೆ ಮಾಡಿ ಒಂದೇ ಕಣ್ಣಿನಿಂದ ಆಕಾಶ ನೋಡಿದ. ಮರುಕ್ಷಣ ಆ ಬೆಟ್ಟದಂಥ ಮೈ ನೆಲಕ್ಕೆ ಕುಕ್ಕರಿಸಿತು. ಒಂದು ಗರಿಯೂ ಉಳಿಯದ ಹುರುಪೆ ಕೈಗಳು, ಗರಿ ಇದ್ದಾಗ ಹೇಗೋ ಹಾಗೆಯೇ ಅಗಲಕ್ಕೆ ಬಿಚ್ಚಿಕೊಂಡವು. ನಿಂತಿದ್ದ ಬಸ್ಸುಗಳನ್ನು ಒಂದೊಂದಾಗಿ ಎದೆಯಡಿಗೆ ಸೇರಿಸಿಕೊಳ್ಳತೊಡಗಿದವು. ಊರೆಲ್ಲ ತುಳಿದು ಬಂದ ಪಾದ ಒಂದು ಬಸ್ಸಿಗೂ ತಾಗಲಿಲ್ಲ.

ಶಾಟು ಅಲ್ಲಿಗೇ ನಿಂತಿತು. ಅವಸರದಲ್ಲಿ ಕೊನೆಯದೊಂದು ಪುಟ್ಟ ವ್ಯಾನನ್ನು ಒಳಗೆಳೆಯುವುದು ಬಾಕಿ ಉಳಿದದ್ದು ಈಗ ಅವಳ ಕಣ್ಣಿಗೆ ಬಿತ್ತು. ನಾಲಿಗೆ ಕಚ್ಚಿಕೊಂಡಳು. ಮಗಳು ಯಾವಾಗಲೋ ಕುರ್ಚಿಯನ್ನು ಎಳೆದುಕೊಂಡು ಅಮ್ಮನ ತೋಳಿಗೆ ತೋಳು ತಾಗಿಸಿ ಕೂತಿದ್ದಳು.

ನಿರ್ದೇಶಕರು ಎದ್ದು ನಿಂತಿದ್ದರು. ಹುಲಿಗಳೆಲ್ಲ ತೊಡೆಯಿಂದ ಜಾರಿ ನೆಲದ ಮೇಲೆ ಚೆಲ್ಲಿದ್ದವು. ಅವರ ಒಂದು ಕೈ ಪರದೆಯ ಕಡೆಗೆ ಚಾಚಿತ್ತು.

"ಅಲ್ರೀ, ಆ ಸಣ್ಣದು ಹೊರಗಡೆನೇ ಉಳ್ಕೊಂಡ್ತಲ್ರೀ! ಬೇಗ ಒಳಗೆ ಕರ್ಕೊಳ್ಳಿ, ಹದ್ದು ಬಂತು!"