ಪಾಕದ ಹದ

"ಬೆಲ್ಲದ ಪಾಕೆಲ್ಲಾ ಸುಟ್ಟಿಯಲ್ಲಬೇ! ಕಣ್ಣೇನು ಮೇಯಾಕ ಹೋಗಿದ್ದುವೇನ?" ದಡ್ಡಿ ಊರಿನ ಕಬ್ಬಿನ ಗಾಣದ ಒಡೆಯ ಬಾಪುಸಾಹೇಬ ಒಲೆಗೆ ಉರಿ ಹಾಕುವ ಇಂದ್ರವ್ವನ ಮೇಲೆ ಹರಿಹಾಯ್ದ.

"ಇನ್ನಷ್ಟು ಉರಿ ಹಾಕಂದವರು ನೀವರಿ. ದುರ್ಗಪ್ಪಣ್ಣ ಬಾಜೂಕ ಇದ್ದ, ಕೇಳ್ರಿ."

ದುರ್ಗಪ್ಪ ಪಾಕದ ಹದ ನೋಡುವವನು. ನೀರಿಗೆ ಬಿಟ್ಟ ಪಾಕ ಉಂಡೆ ಕಟ್ಟಿದಾಗಲೇ ಹದ ಬಂದದ್ದು ಅವನಿಗೆ ಗೊತ್ತಾಗಿತ್ತು. ಆದರೆ ಒಡೆಯ ಇನ್ನಷ್ಟು ಉರಿ ಎಂದಾಗ ಬೇಡವೆನ್ನುವ ಧೈರ್ಯ ಬರಲಿಲ್ಲ. ಆ ಉಂಡೆ ಇನ್ನೂ ಅವನ ಅಂಗೈಯಲ್ಲೇ ಇತ್ತು.

"ಕೈಯಾಗಿಂದು ತೋರಸಣ್ಣಾ," ಎಂದಳು ಇಂದ್ರವ್ವ.

ದುರ್ಗಪ್ಪ ಮುಷ್ಟಿ ಬಿಗಿಮಾಡಿದ. "ನಂಗೇನೂ ಗೊತ್ತಿಲ್ಲ ತಂಗಿ."

ಅವಳು ಸೆರಗು ಕೊಡವಿ ಹೊರಟುಹೋದಳು. ಆಮೇಲೆ ಅವನಿಗೆ ಬಾಯಿ ಬಂತು: "ಹಾಕಂದವರು ನೀವರಿ ಧಣ್ಯಾರ. ನಾ ಸುಮ್ನ ನಿಂತಿದ್ದೆ." ಅದನ್ನು ಕೇಳಬೇಕಾದವಳು ಆ ಗಾಣಕ್ಕೆ ಮತ್ತೆ ಬರಲೇ ಇಲ್ಲ.